ಪಲ್ಯವೇ ಊಟ, ರೊಟ್ಟಿ ನಂಚಿಕೊಳ್ಳೋಕೆ

ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆ ಅಂಶ) ಕಡಿಮೆ ಮಾಡ್ತೀನಿ ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ, ಅನ್ನದ ಬದಲು ಏನು ತಿಂತೀರಾ ಅಂತ. ಬಾದಾಮಿ ಹಿಟ್ಟು, ಆಲಿವ್ ಎಣ್ಣೆ ಅಂತ ದುಡ್ಡು ಸುರಿಯೋಕೆ ನನಗೆ ಮನಸ್ಸಿರಲಿಲ್ಲ. ದಾವಣಗೆರೆಯ ನಮ್ಮಂಥ ಮನೆಗಳಲ್ಲಿ ರೊಟ್ಟಿ ಜೊತೆ ಏನೇನು ಇರುತ್ತೆ ನೋಡಿ: ಎಣ್ಣೆಗಾಯಿ, ಸೊಪ್ಪಿನ ಪಲ್ಯ, ಮೊಳಕೆ ಕಾಳು, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ಹಸಿ ಸೌತೆಕಾಯಿ. ಇವನ್ನೇ ಹೊಟ್ಟೆ ತುಂಬಾ ತಿಂದು, ಅರ್ಧ ರೊಟ್ಟಿ ನಂಚಿಕೊಂಡೆ. ಕಾಳಿನಲ್ಲಿ ಕಾರ್ಬ್ ಇದೆ, ಅದಕ್ಕೆ ಒಂದು ಸೌಟು ಮಾತ್ರ.

"ಬರೇ ಪಲ್ಯ ತಿಂದ್ರೆ ಹೊಟ್ಟೆ ತುಂಬ್ತತೇನವ್ವಾ?" ಅಂದರು ಅತ್ತೆ. ತುಂಬುತ್ತೆ, ಶೇಂಗಾ, ಮೊಸರು, ಮೊಟ್ಟೆ ಜೊತೆಗಿದ್ದರೆ.

ಜೋಳದ ರೊಟ್ಟಿ ಎಷ್ಟು ತಿಂದರೂ ಏನೂ ಆಗಲ್ಲ ಅನ್ನೋ ನಂಬಿಕೆ ನಮ್ಮ ಕಡೆ ಗಟ್ಟಿ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬ್ ಇದೆ, ಅಕ್ಕಿಯಲ್ಲಿ 78ರ ಆಸುಪಾಸು. ಜೋಳದಲ್ಲಿ ನಾರು ಜಾಸ್ತಿ, ಒಪ್ಪಿದೆ. ಆದರೂ ಮೂರು ರೊಟ್ಟಿ ಅಂದರೆ ಮೂರು ರೊಟ್ಟಿನೇ, ಅಲ್ವಾ? ಅದೇ ನೂರು ಗ್ರಾಂ ಶೇಂಗಾದಲ್ಲಿ ಕಾರ್ಬ್ 16 ಗ್ರಾಂ, ಪ್ರೋಟೀನ್ 25 ಗ್ರಾಂ ಹತ್ತಿರ. ಶೇಂಗಾ ಬೆಳೆಯೋ ಚಳ್ಳಕೆರೆ ಪಕ್ಕದ ಜಿಲ್ಲೆಯಲ್ಲೇ ಇರುವಾಗ ನಮಗೆ ಶೇಂಗಾಕ್ಕೇನು ಬರ?

ಒಂದು ವಿಷಯ ಮಾತ್ರ ಯಾರೂ ಹೇಳಿಕೊಡಲ್ಲ. ನಮ್ಮ ಪಲ್ಯದ ಉಪ್ಪು-ಖಾರ ರೊಟ್ಟಿ ಲೆಕ್ಕದ್ದು. ಬಟ್ಟಲು ತುಂಬಾ ಹಾಕಿಕೊಂಡು ತಿಂದರೆ ನಾಲಿಗೆ ಉರಿಯುತ್ತೆ, ರಾತ್ರಿಯೆಲ್ಲ ಬಾಯಾರಿಕೆ. ಹಾಗಾಗಿ ಉಪ್ಪು, ಖಾರದ ಪುಡಿ ಎರಡನ್ನೂ ಅರ್ಧಕ್ಕಿಳಿಸಿದೆ.

ಎಣ್ಣೆಗಾಯಿಗೆ ಸಣ್ಣ ಬದನೆಕಾಯಿ ಬೇಕು. ತೊಟ್ಟು ಬಿಡಿಸದೆ ನಾಲ್ಕು ಸೀಳು ಮಾಡಿ ಉಪ್ಪು ನೀರಿಗೆ ಹಾಕಿ. ಹುರಿದ ಶೇಂಗಾ ಒಂದು ಹಿಡಿ, ಎಳ್ಳು, ಗುರೆಳ್ಳು, ಒಣಕೊಬ್ಬರಿ, ಬೆಳ್ಳುಳ್ಳಿ, ಖಾರದ ಪುಡಿ, ಚೂರು ಹುಣಸೆಹಣ್ಣು, ಉಪ್ಪು ಸೇರಿಸಿ ತರಿತರಿಯಾಗಿ ರುಬ್ಬಿ. ಬೆಲ್ಲ ಬೇಡ. ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಈರುಳ್ಳಿ ಹುರಿಯಿರಿ, ಅದು ಚೆನ್ನಾಗಿ ಕೆಂಪಗಾದರೆ ಆ ಸಿಹಿಯೇ ಸಾಕು. ಬದನೆಕಾಯಿಗೆ ಮಸಾಲೆ ತುಂಬಿ, ಅದೇ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿಟ್ಟು, ಮುಚ್ಚಿದ ತಟ್ಟೆ ಮೇಲೆ ನೀರು ಹಾಕಿ. ಒಳಗೆ ನೀರು ಸುರಿಯದೇನೇ ಬೇಯುತ್ತೆ. ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡರೆ ಇಳಿಸಿ.

ಬೆಳಗ್ಗೆಗೆ ಮೆಂತ್ಯ ಸೊಪ್ಪು ಹುರಿದು ಎರಡು ಮೊಟ್ಟೆ ಒಡೆದು ಹಾಕಿದರೆ ಮುಗೀತು. ಮೊಟ್ಟೆ ತಿನ್ನದವರು ಪನ್ನೀರ್ ಪುಡಿ ಮಾಡಿ ಹಾಕಿ.

ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಡಾಕ್ಟರನ್ನ ಕೇಳದೆ ಶುರು ಮಾಡಬೇಡಿ. ಊಟ ಬದಲಾಗಿ ಔಷಧಿ ಹಾಗೇ ಇದ್ದರೆ ಸಕ್ಕರೆ ಏಕ್ದಂ ಇಳಿದುಬಿಡಬಹುದು.

ಕಷ್ಟ ಅನ್ನಿಸೋದು ಸಾಯಂಕಾಲ. ಈ ಊರಲ್ಲಿದ್ದು ಮಂಡಕ್ಕಿ ಬಿಡೋದು ಅಂದರೆ! ಮಂಡಕ್ಕಿ ಹೆಚ್ಚುಕಮ್ಮಿ ಪೂರ್ತಿ ಕಾರ್ಬೇ. ಅದಕ್ಕೆ ಹಾಕುವ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಒಗ್ಗರಣೆಯನ್ನೇ ಹುರಿದ ಶೇಂಗಾ, ಸೌತೆಕಾಯಿ, ಈರುಳ್ಳಿ ಮೇಲೆ ಹಾಕಿ ನಿಂಬೆಹಣ್ಣು ಹಿಂಡ್ತೀನಿ. ಪಕ್ಕದಲ್ಲಿ ಒಂದು ಮೆಣಸಿನಕಾಯಿ ಬಜ್ಜಿ, ಅದೂ ಭಾನುವಾರ ಮಾತ್ರ. ಕಡಲೆಹಿಟ್ಟಿನಲ್ಲೂ ಕಾರ್ಬ್ ಇದೆ ಅಂತ ಗೊತ್ತು. ಅದೊಂದನ್ನು ಬಿಡೋ ಮಾತೇ ಇಲ್ಲ.