ಲಾಕ್‌ಡೌನಲ್ಲಿ ಒಂದನೇ ಕ್ಲಾಸ್ ಕಳ್ಕೊಂಡ ಮಕ್ಕಳಿಗೆ ಈಗ ಓದು ಹಿಡಿಸೋದು ಹೇಗೆ

ಕರ್ನಾಟಕದಲ್ಲಿ 2020ರ ಮಾರ್ಚಲ್ಲಿ ಮುಚ್ಚಿದ ಸ್ಕೂಲು ಚಿಕ್ಕ ಮಕ್ಕಳಿಗೆ ತೆರೆದಿದ್ದು 2021ರ ಅಕ್ಟೋಬರ್ ಕೊನೇಲಿ, ಆ ಗ್ಯಾಪಲ್ಲಿ ಕಾಗುಣಿತ ಒತ್ತಕ್ಷರ ತಲೇಲಿ ಕೂರ್ಲೇ ಇಲ್ಲ ಆದ್ರೂ ಮುಂದಿನ ಕ್ಲಾಸಿಗೆ ಹೋಗ್ತಾನೇ ಇದ್ರು.

ಮೊದ್ಲು ಎರಡನೇ ಕ್ಲಾಸಿನ ಕನ್ನಡ ಪುಸ್ತಕ ಕೊಟ್ಟು ಜೋರಾಗಿ ಓದಿಸಿ. 'ಅಕ್ಕ' ಸಲೀಸಾಗಿ ಓದಿ 'ರಾಷ್ಟ್ರ' ಬಂದಾಗ ಗೊಣಗಿ ಹಾರಿಸಿದ್ರೆ ಅಲ್ಲಿಂದಾನೇ ಶುರು ಮಾಡ್ಬೇಕು, ದಿನಾ ನಾಲ್ಕೈದು ಪದ ಸಾಕು. ದಯವಿಟ್ಟು ಬೈಬೇಡಿ, ತಪ್ಪು ಮಗೂದಲ್ಲ.

ಆಮೇಲೆ 52ರಲ್ಲಿ 27 ಕಳಿ ಅನ್ನಿ. 35 ಬರೆದ್ರೆ ದಶಕ ಬಿಡಿಸೋದು ಗೊತ್ತಿಲ್ಲ ಅಂತ, ಹತ್ತತ್ತು ಕಡ್ಡಿ ಕಟ್ಟು ಮಾಡಿ ಬಿಚ್ಚಿ ತೋರಿಸಿ.

ಹಾಗೇ ಲಸಿಕೆ ಕಾರ್ಡೂ ನೋಡಿ, 5 ವರ್ಷಕ್ಕೆ ಹಾಕೋ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯೋ ಲಸಿಕೆ) ಬೂಸ್ಟರ್ ಆಗ ತಪ್ಪಿದ್ರೆ ಈಗ ಏನು ಮಾಡ್ಬೇಕು ಅಂತ ಆಶಾ ಕಾರ್ಯಕರ್ತೆ ಹತ್ರ ಕೇಳಿ.