ನನಗೆ ಸಲ್ಫಾ ಆಗುವುದಿಲ್ಲ

ಉರಿಮೂತ್ರಕ್ಕೆ ಕೊಟ್ಟ ಕೋಟ್ರೈಮಾಕ್ಸಜೋಲ್ ಎಂಬ ಸಲ್ಫಾ ಆ್ಯಂಟಿಬಯಾಟಿಕ್ ಮಾತ್ರೆ ಮೊದಲ ಕೆಲವು ದಿನ ನನಗೆ ಏನೂ ತೊಂದರೆ ಮಾಡಲಿಲ್ಲ. ಉರಿಯೂ ಇಳಿಯಿತು. ವಾರ ಕಳೆದ ಮೇಲೆ ಜ್ವರ ಬಂತು, ಕಣ್ಣು ಕೆಂಪಾಯಿತು, ಎದೆಯ ಮೇಲೆ ಚುಕ್ಕೆ ಎದ್ದವು. ನೆರೆಕರೆಯವರು ಚಿಕನ್‌ಪಾಕ್ಸ್ ಎಂದರು. ತುಟಿಯ ಒಳಗೆ ಬೊಕ್ಕೆಯೆದ್ದು ಗಂಜಿತಿಳಿಯೂ ನುಂಗಲಾಗದಾಗ ಮಂಗಳೂರಿಗೆ ಕರೆದೊಯ್ದರು. ಚರ್ಮತಜ್ಞರು ಮೊದಲು ಕೇಳಿದ್ದು ಒಂದೇ: ಈ ಒಂದು ತಿಂಗಳಲ್ಲಿ ಯಾವ ಮದ್ದು ತಗೊಂಡಿದ್ದೀರಿ? ಅದು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮಿನ ಆರಂಭ, ಎಂದರೆ ಹೆಚ್ಚಾಗಿ ಮದ್ದಿನಿಂದಲೇ ಬಂದು ಚರ್ಮ, ಬಾಯಿ, ಕಣ್ಣಿಗೆ ತಾಗುವ ಗಂಭೀರ ತೊಂದರೆ. ಮಾತ್ರೆ ಕೂಡಲೇ ನಿಲ್ಲಿಸಿ ಅಡ್ಮಿಟ್ ಮಾಡಿಕೊಂಡದ್ದರಿಂದ ಚರ್ಮ ಸುಲಿಯುವ ಹಂತಕ್ಕೆ ಹೋಗಲಿಲ್ಲ.

ಅಲರ್ಜಿ ಎಂದರೆ ಮಾತ್ರೆ ನುಂಗಿದ ಗಳಿಗೆಯಲ್ಲೇ ತುರಿಕೆ ಏಳಬೇಕು ಎಂದು ನಮ್ಮಲ್ಲಿ ಹೆಚ್ಚಿನವರ ನಂಬಿಕೆ. ಸಲ್ಫಾ ಬಹುಮಟ್ಟಿಗೆ ಹಾಗಲ್ಲ. ಸಾಮಾನ್ಯ ದದ್ದು ಒಂದೆರಡು ವಾರಕ್ಕೆ ಕಾಣಿಸುತ್ತದೆ. ಗಂಭೀರವಾದದ್ದು ಹೆಚ್ಚಾಗಿ ನಾಲ್ಕು ವಾರದೊಳಗೆ ಯಾವಾಗ ಬೇಕಾದರೂ ಬರಬಹುದು, ಕೋರ್ಸ್ ಮುಗಿದ ಮೇಲೂ. ಜ್ವರದೊಂದಿಗೆ ಬಾಯಿಹುಣ್ಣು, ಕಣ್ಣುರಿ, ಮುಟ್ಟಿದರೆ ನೋಯುವ ಚರ್ಮ ಕಂಡರೆ ಬೆಳಗಾಗಲಿ ಎಂದು ಕಾಯಬಾರದು.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಸಣ್ಣಪುಟ್ಟದಕ್ಕೆ ಇಲ್ಲಿನ ಸರಕಾರಿ ಆಸ್ಪತ್ರೆ, ದೊಡ್ಡದಕ್ಕೆ ತಲಪಾಡಿ ಗಡಿ ದಾಟಿ ಮಂಗಳೂರು. ಆ ಕಡೆಯ ಫೈಲು ಈ ಕಡೆಗೆ ಬರುವುದಿಲ್ಲ. ಅದಕ್ಕೇ ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಒಂದು ಕಾರ್ಡು ಬರೆಸಿ ಲ್ಯಾಮಿನೇಟ್ ಮಾಡಿಸಿದೆ. ಬರೇ 'ಸಲ್ಫಾ ಅಲರ್ಜಿ' ಎಂದು ಬರೆದರೆ ವೈದ್ಯರಿಗೆ ಸಾಲದು. ಮದ್ದಿನ ಮೂಲ ಹೆಸರು, ತಿಂದ ತಿಂಗಳು, ಎಷ್ಟನೇ ದಿನ ಏನಾಯಿತು, ಬಾಯಿ-ಕಣ್ಣಿಗೆ ತಾಗಿತ್ತೋ, ಅಡ್ಮಿಟ್ ಆಗಿತ್ತೋ ಎಲ್ಲ ಅದರಲ್ಲಿದೆ. 2020ರಲ್ಲಿ ಕೊರೋನಾಕ್ಕೆ ಗಡಿ ಮುಚ್ಚಿದಾಗ ಮಂಗಳೂರಿನ ಕಾಗದಪತ್ರ ಯಾವುದೂ ಕೈಗೆ ಎಟುಕುವಂತಿರಲಿಲ್ಲ. ಪರ್ಸಿನಲ್ಲಿದ್ದ ಈ ಕಾರ್ಡನ್ನೇ ತೋರಿಸಿದೆ.

ಕಾರ್ಡಿನ ಬೆಲೆ ನಿಜವಾಗಿ ತಿಳಿದದ್ದು ಗಂಟುನೋವು ಶುರುವಾದಾಗ. ಹೊಸ ವೈದ್ಯರು ಸಲ್ಫಾಸಲಜೀನ್ ಬರೆಯಲು ಹೊರಟಿದ್ದರು. ಕಾರ್ಡು ಓದಿದವರೇ ಪೆನ್ನು ನಿಲ್ಲಿಸಿ, ಇದು ಕರುಳಿನಲ್ಲಿ ಒಡೆದು ಸಲ್ಫಾಪಿರಿಡಿನ್ ಎಂಬ ಸಲ್ಫಾ ಆಗುತ್ತದೆ, ನಿಮಗೆ ಬೇಡ ಎಂದು ಹೈಡ್ರಾಕ್ಸಿಕ್ಲೋರೋಕ್ವಿನ್ ಬರೆದರು. ಗಂಟುನೋವಿನ ಮಾತ್ರೆಗೂ ಉರಿಮೂತ್ರದ ಮಾತ್ರೆಗೂ ನಂಟು ಇರುತ್ತದೆಂದು ಯಾರು ಎಣಿಸುತ್ತಾರೆ? ಸುಟ್ಟಗಾಯಕ್ಕೆ ಮನೆಮನೆಯಲ್ಲಿಡುವ ಬಿಳಿ ಮುಲಾಮಿನಲ್ಲೂ ಸಿಲ್ವರ್ ಸಲ್ಫಾಡಯಜೀನ್ ಇರುತ್ತದೆ. ಕೆಲವು ಕಣ್ಣಿನ ಹನಿಮದ್ದಿನಲ್ಲಿ ಸಲ್ಫಾಸಿಟಮೈಡ್, ಮಲೇರಿಯಾದ ಕೆಲವು ಮದ್ದಿನಲ್ಲಿ ಸಲ್ಫಾಡಾಕ್ಸಿನ್. ಮೆಡಿಕಲಿನಲ್ಲಿ ಸ್ಟ್ರಿಪ್ ತಿರುಗಿಸಿ, ಬ್ರ್ಯಾಂಡ್ ಹೆಸರಿನ ಕೆಳಗಿನ ಸಣ್ಣ ಅಕ್ಷರ ಓದುತ್ತೇನೆ. ಸೆಪ್ಟ್ರಾನ್, ಬ್ಯಾಕ್ಟ್ರಿಮ್ ಎಂದು ಹೆಸರು ಬೇರೆಯಾದರೂ ಒಳಗಿರುವುದು ಅದೇ ಸಲ್ಫಾಮೆಥಾಕ್ಸಜೋಲ್, ಟ್ರೈಮೆಥೋಪ್ರಿಮ್.

ಬೇಡದ ಹೆದರಿಕೆಯೂ ಇದೆ. ಮಳೆಗಾಲದ ಮೊದಲು ಅಡಿಕೆಗೆ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಬಿಡುವಾಗ, ಮೈಲುತುತ್ತು ಎಂದರೆ ಕಾಪರ್ ಸಲ್ಫೇಟ್ ತಾನೇ, ನೀವು ತೋಟಕ್ಕೆ ಬರಬೇಡಿ ಎಂದು ಮನೆಯವರು ತಡೆಯುತ್ತಿದ್ದರು. ಸಲ್ಫೇಟಿಗೂ ಗಂಧಕಕ್ಕೂ ಈ ಅಲರ್ಜಿಗೂ ಸಂಬಂಧವಿಲ್ಲ. ರಕ್ತಹೀನತೆಗೆ ಕೊಡುವ ಫೆರಸ್ ಸಲ್ಫೇಟನ್ನು ನಾನು ತಿಂದಿದ್ದೇನೆ, ಏನೂ ಆಗಿಲ್ಲ. ಮೂತ್ರ ಹೋಗಿಸುವ ಲಾಸಿಕ್ಸ್, ಹೈಡ್ರೋಕ್ಲೋರೋಥಯಜೈಡ್, ಶುಗರಿನ ಗ್ಲಿಮೆಪಿರೈಡ್ ಇವುಗಳಲ್ಲಿ ಸಲ್ಫಾ ಮದ್ದಿನಲ್ಲಿರುವಂಥದೇ ಸಲ್ಫೋನಮೈಡ್ ಗುಂಪು ಇದೆ ನಿಜ. ಆದರೆ ಸಲ್ಫಾ ಆ್ಯಂಟಿಬಯಾಟಿಕ್ಕಿನಲ್ಲಿ ತೊಂದರೆ ಕೊಡುವ ಆರಿಲ್ ಅಮೈನ್ ಎಂಬ ಭಾಗ ಇವುಗಳಲ್ಲಿಲ್ಲ, ಹಾಗಾಗಿ ಹೆಚ್ಚಿನವರಿಗೆ ಇವು ಆಗುತ್ತವೆ. ನನ್ನ ವೈದ್ಯರು ಹಳೆಯ ಕತೆಯೆಲ್ಲ ಕೇಳಿಯೇ ಗ್ಲಿಮೆಪಿರೈಡ್ ಶುರುಮಾಡಿದರು, ಮೊದಲ ವಾರಗಳಲ್ಲಿ ಚರ್ಮ ನೋಡುತ್ತಿರಿ ಎಂದರು. ಹೆದರಿ ಎಲ್ಲವನ್ನೂ ಬಿಟ್ಟರೆ ಬೇಕಾದ ಮದ್ದೂ ತಪ್ಪಿಹೋಗುತ್ತದೆ. ಆದರೆ ಬೊಕ್ಕೆ ಬಂದಿದ್ದವರು ಇಂಥ ತೀರ್ಮಾನವನ್ನು ತಾವೇ ಮಾಡಬಾರದು. ಸಲ್ಫಾವನ್ನೇ ಒಂದು ಚೂರು ತಿಂದು ನೋಡುವುದಂತೂ ಬೇಡವೇ ಬೇಡ.

ಮದ್ದಿನಿಂದ ಹೀಗಾದರೆ ರೋಗಿಯೇ ದೂರವಾಣಿಯಲ್ಲಿ ತಿಳಿಸಬಹುದು. ಭಾರತೀಯ ಫಾರ್ಮಾಕೋಪಿಯಾ ಆಯೋಗದ ಉಚಿತ ಸಂಖ್ಯೆ 1800-180-3024. ಕರೆ ಮಾಡುವಾಗ ಹಳೆಯ ಸ್ಟ್ರಿಪ್ ಕೈಯಲ್ಲಿದ್ದರೆ ಬ್ಯಾಚ್ ನಂಬರನ್ನೂ ಹೇಳಿ.