ಹಳೆಯ ಕಾರಿಗೆ ಹೊಸ ಟೈರ್: ಮಲೆನಾಡಿನ ಮಳೆಗೆ ಹೊಂದುವುದನ್ನು ಆರಿಸುವುದು ಹೇಗೆ?

ಹತ್ತು-ಹದಿನೈದು ವರ್ಷ ಹಳೆಯದಾದ ಕಾರಿಗೆ ಟೈರ್ ಹಾಕಿಸಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ, ‘ಎಷ್ಟು ಕಿಲೋಮೀಟರ್ ಬರುತ್ತೆ?’ ಎಂಬುದು. ದಿನವೂ ಹೆದ್ದಾರಿಯಲ್ಲಿ ಓಡುವ ಟ್ಯಾಕ್ಸಿಗೆ ಅದು ಸರಿಯಾದ ಪ್ರಶ್ನೆಯೇ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿರುವ ಹಳೆಯ ಕಾರು ವಾರಕ್ಕೊಮ್ಮೆ ಪೇಟೆಗೆ, ಆಗಾಗ ನೆಂಟರ ಮನೆಯ ಮದುವೆಗೆ, ಆಸ್ಪತ್ರೆಯ ಕೆಲಸಕ್ಕೆಂದು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಿಬರುವಂಥದ್ದು. ವರ್ಷಕ್ಕೆ 6,000 ಕಿ.ಮೀ. ಓಡುವ ಕಾರು ಆರು ವರ್ಷಕ್ಕೆ ಕ್ರಮಿಸುವುದು 36,000 ಕಿ.ಮೀ. ಮಾತ್ರ, ಅಷ್ಟರಲ್ಲಿ ಟೈರಿನ ಬಟನ್ (ನೆಲಕ್ಕೆ ತಾಗುವ ರಬ್ಬರಿನ ಉಬ್ಬುಗಳು) ಇನ್ನೂ ಉಳಿದಿದ್ದರೂ ರಬ್ಬರ್ ಗಡುಸಾಗಿ, ಪಕ್ಕದಲ್ಲಿ ಸಣ್ಣ ಬಿರುಕುಗಳು ಕಾಣಿಸಿಕೊಳ್ಳುತ್ತವೆ. ಸವೆಯುವುದಕ್ಕೆ ಮೊದಲೇ ಮುಪ್ಪಾಗುವ ಟೈರಿಗೆ ಲಕ್ಷ ಕಿಲೋಮೀಟರಿನ ಬಾಳಿಕೆಯನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಇಲ್ಲಿನ ಹಳೆಯ ಕಾರಿಗೆ ಮಧ್ಯಮ ಬೆಲೆಯ ಟೈರನ್ನು ಆರಿಸುವಾಗ ಮೊದಲು ಒದ್ದೆ ರಸ್ತೆಯ ಹಿಡಿತವನ್ನು, ನಂತರ ತಯಾರಾದ ದಿನಾಂಕವನ್ನು ನೋಡಿ, ಬಾಳಿಕೆಯನ್ನು ಕೊನೆಗಿಡಬೇಕು ಎಂಬುದು ಈ ಲೇಖನದ ಖಚಿತ ಅಭಿಪ್ರಾಯ.

ಹೀಗೆ ಹೇಳಲು ಇನ್ನೊಂದು ಕಾರಣವೂ ಇದೆ. ಮಾರಾಟವಾಗುವ ಎಲ್ಲ ಹೊಸ ಕಾರುಗಳಲ್ಲೂ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ನಿಂತುಹೋಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕಿಂತ ಹಿಂದಿನ ಸಾಮಾನ್ಯ ಮಾದರಿಗಳಲ್ಲಿ ಬಹುಪಾಲು ಎಬಿಎಸ್ ಇಲ್ಲದವು. ಆಗುಂಬೆ ಘಾಟಿಯ 14 ತಿರುವುಗಳನ್ನು ಜಡಿಮಳೆಯಲ್ಲಿ ಇಳಿಯುವಾಗ ಬ್ರೇಕ್ ಬಿಗಿದು ಚಕ್ರ ನಿಂತೇಹೋದರೆ, ಅದನ್ನು ಬಿಡಿಸಿ ಮತ್ತೆ ಹಿಡಿಯುವ ಯಂತ್ರ ಆ ಕಾರಿನಲ್ಲಿಲ್ಲ. ಟೈರಿನ ಹಿಡಿತವೊಂದೇ ಅಲ್ಲಿ ಆಧಾರ.

ಮೊದಲ ಹೆಜ್ಜೆ: ಹಳೆಯ ಟೈರನ್ನು ಓದಿ

ಟೈರಿನ ಮುಖ್ಯ ಗೀರುಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ದಿಣ್ಣೆಗಳಿರುತ್ತವೆ. ಅವು ಇರುವ ಜಾಗವನ್ನು ತೋರಿಸಲು ಪಕ್ಕದಲ್ಲಿ ಟಿಡಬ್ಲ್ಯುಐ ಎಂಬ ಅಕ್ಷರಗಳನ್ನೋ ಪುಟ್ಟ ತ್ರಿಕೋನವನ್ನೋ ಅಚ್ಚೊತ್ತಿರುತ್ತಾರೆ. ಬಟನ್ ಸವೆದು ಈ ದಿಣ್ಣೆಯ ಮಟ್ಟಕ್ಕೆ ಬಂದರೆ ಉಳಿದಿರುವ ಆಳ 1.6 ಮಿ.ಮೀ.; ಕಾರುಗಳಿಗೆ ಕಾನೂನು ಒಪ್ಪುವ ಕನಿಷ್ಠ ಮಿತಿ ಅದೇ. ಆದರೆ ಗೀರುಗಳ ಕೆಲಸ ನೀರನ್ನು ಪಕ್ಕಕ್ಕೆ ಹೊರಹಾಕುವುದು. ಆಳ ಕಡಿಮೆಯಾದಂತೆ ಆ ಶಕ್ತಿ ಕುಂದಿ, ಕಾರು ನೀರಿನ ಪದರದ ಮೇಲೆ ತೇಲಿದಂತಾಗುವ ವೇಗವೂ ಇಳಿಯುತ್ತದೆ. ಆಗುಂಬೆ, ಹುಲಿಕಲ್‌ನಂಥ ಘಾಟಿಗಳಲ್ಲಿ ಓಡಾಡುವವರು 3 ಮಿ.ಮೀ. ಉಳಿದಾಗಲೇ ಬದಲಾಯಿಸುವುದು ಕ್ಷೇಮ. ಆಳ ಅಳೆಯುವ ಪುಟ್ಟ ಗೇಜು ಕಡಿಮೆ ಬೆಲೆಗೆ ಸಿಗುತ್ತದೆ, ಮನೆಯಲ್ಲಿ ಒಂದಿರಲಿ.

ಸವೆತ ಎಲ್ಲಿ ಆಗಿದೆ ಎಂಬುದನ್ನೂ ಗಮನಿಸಬೇಕು. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಿತ್ತು ಎಂದು ತಿಳಿಯಬೇಕು. ಒಳಗಿನ ಅಂಚು ಒಂದೇ ನುಣ್ಣಗಾಗಿದ್ದರೆ ಅಲೈನ್‌ಮೆಂಟ್ (ಚಕ್ರಗಳು ನಿಂತಿರುವ ಕೋನ) ತಪ್ಪಿದೆ. ಅಲ್ಲಲ್ಲಿ ತಗ್ಗು-ದಿಣ್ಣೆಯಾಗಿ ಸವೆದಿದ್ದರೆ ಷಾಕ್ ಅಬ್ಸಾರ್ಬರ್ ಸೋತಿರುವ ಸಾಧ್ಯತೆಯೇ ಹೆಚ್ಚು. ಹಳೆಯ ಕಾರಿನಲ್ಲಿ ಈ ಓದು ಬಹಳ ಮುಖ್ಯ. ಬುಷ್, ಬಾಲ್ ಜಾಯಿಂಟ್, ಷಾಕ್ ಅಬ್ಸಾರ್ಬರ್‌ನಂಥ ಸಸ್ಪೆನ್ಷನ್ ಭಾಗಗಳನ್ನು ಸರಿಪಡಿಸದೆ ಟೈರ್ ಮಾತ್ರ ಹಾಕಿಸಿದರೆ, ಹೊಸ ಟೈರೂ ಅದೇ ಜಾಗದಲ್ಲಿ ಸವೆಯುತ್ತದೆ. ಹಣ ಎರಡಕ್ಕೂ ಸಾಲದಿದ್ದರೆ, ಟೈರಿನಲ್ಲಿ ಒಂದು ದರ್ಜೆ ಕೆಳಗಿಳಿದಾದರೂ ಸಸ್ಪೆನ್ಷನ್ ಕೆಲಸವನ್ನು ಮೊದಲು ಮುಗಿಸಿಕೊಳ್ಳಿ.

ಅಳತೆಯ ವಿಚಾರ

ಟೈರಿನ ಪಕ್ಕದಲ್ಲಿ 165/80 ಆರ್ 14 85 ಟಿ ಎಂಬಂಥ ಬರಹವಿರುತ್ತದೆ. ಹಳೆಯ ಸ್ವಿಫ್ಟ್‌ನ ಸಾಮಾನ್ಯ ಮಾದರಿಗಳ ಅಳತೆ 165/80 ಆರ್ 14. ಇದರಲ್ಲಿ 165 ಎಂಬುದು ಮಿಲಿಮೀಟರಿನಲ್ಲಿ ಅಗಲ. 80 ಎಂದರೆ ಪಕ್ಕದ ಎತ್ತರ ಆ ಅಗಲದ ಶೇ 80ರಷ್ಟು. ಆರ್ ಎಂದರೆ ರೇಡಿಯಲ್, ಅಂದರೆ ಒಳಗಿನ ಎಳೆಗಳು ಅಡ್ಡಲಾಗಿರುವ ಬಗೆ. 14 ಇಂಚು ರಿಮ್ಮಿನ ವ್ಯಾಸ. ಕೊನೆಯಲ್ಲಿರುವ 85 ಆ ಒಂದು ಟೈರು 515 ಕೆ.ಜಿ. ಹೊರಬಲ್ಲದೆಂದೂ, ಟಿ ಎಂಬುದು ಗಂಟೆಗೆ 190 ಕಿ.ಮೀ. ವೇಗದವರೆಗೆ ತಾಳಬಲ್ಲದೆಂದೂ ಹೇಳುತ್ತವೆ. ಈ ಎರಡು ಕೊನೆಯ ಗುರುತುಗಳಲ್ಲಿ ಮೂಲಕ್ಕಿಂತ ಮೇಲಿನದನ್ನು ಹಾಕಬಹುದು, ಕೆಳಗಿನದನ್ನು ಹಾಕಬಾರದು. ಈಗಿರುವ ಟೈರಿನ ಅಳತೆಯನ್ನೇ ನಂಬದೆ ಚಾಲಕನ ಬಾಗಿಲಿನ ಕಂಬದ ಮೇಲಿರುವ ಚೀಟಿಯನ್ನೋ ಕಾರಿನ ಕೈಪಿಡಿಯನ್ನೋ ನೋಡಿ. ಕೈಬದಲಾದ ಕಾರಿನಲ್ಲಿ ಹಿಂದಿನ ಮಾಲೀಕರು ಬೇರೆ ಅಳತೆ ಹಾಕಿಸಿರುವುದುಂಟು.

ಬೇಕಾದ ಅಳತೆ ಅಂಗಡಿಯಲ್ಲಿ ಇಲ್ಲದಿದ್ದಾಗ ‘ಇದೂ ಕೂರುತ್ತೆ’ ಎಂದು ಇನ್ನೊಂದನ್ನು ತೋರಿಸುವುದು ಸಾಮಾನ್ಯ. ಆಗ ಲೆಕ್ಕ ಹಾಕಬೇಕು. 165/80 ಆರ್ 14ರ ಒಟ್ಟು ವ್ಯಾಸ ಸುಮಾರು 620 ಮಿ.ಮೀ. ಅದರ ಬದಲು 175/70 ಆರ್ 14 ಹಾಕಿದರೆ ವ್ಯಾಸ ಸುಮಾರು 601 ಮಿ.ಮೀ.ಗೆ ಇಳಿಯುತ್ತದೆ. ಕಾರಿನ ತಳ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ತಗ್ಗುತ್ತದೆ, ಸ್ಪೀಡೋಮೀಟರ್ ಶೇ 3ರಷ್ಟು ಹೆಚ್ಚು ತೋರಿಸುತ್ತದೆ. ಮಳೆಗೆ ಕೊರೆದು ನಡುವೆ ದಿಣ್ಣೆ ಎದ್ದಿರುವ ತೋಟದ ದಾರಿಯಲ್ಲಿ ಆ ಒಂದು ಸೆಂಟಿಮೀಟರ್ ಸಣ್ಣ ವಿಷಯವಲ್ಲ. 185/70 ಆರ್ 14ರ ವ್ಯಾಸ ಸುಮಾರು 615 ಮಿ.ಮೀ. ಆದ್ದರಿಂದ ಎತ್ತರದ ಲೆಕ್ಕದಲ್ಲಿ ಅದು ಒಪ್ಪುತ್ತದೆ. ಆದರೆ ರಿಮ್ಮಿನ ಅಗಲ ಅದಕ್ಕೆ ಸಾಕೇ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಎಲ್ಲಾದರೂ ತಾಗುತ್ತದೆಯೇ ಎಂದು ನೋಡಿಕೊಂಡೇ ಮುಂದುವರಿಯಬೇಕು. ಅಗಲ ಹೆಚ್ಚಿದಷ್ಟೂ ಮಳೆಯಲ್ಲಿ ಹಿಡಿತ ಹೆಚ್ಚುತ್ತದೆ ಎಂಬ ನಂಬಿಕೆ ಮಾತ್ರ ಸರಿಯಲ್ಲ. ನಿಂತ ನೀರನ್ನು ಸೀಳಿಕೊಂಡು ಹೋಗುವುದರಲ್ಲಿ ಕಿರಿದಾದ ಟೈರೇ ಮುಂದು.

ಯಾವ ಬಗೆಯ ಟೈರ್?

ಎಂಆರ್‌ಎಫ್, ಅಪೋಲೊ, ಸಿಯೆಟ್, ಮೈಸೂರಿನ ವಿಕ್ರಾಂತ್ ಕಾರ್ಖಾನೆಯನ್ನು 1997ರಲ್ಲಿ ವಹಿಸಿಕೊಂಡ ಜೆಕೆ, ಇವುಗಳ ಜೊತೆಗೆ ಬ್ರಿಜ್‌ಸ್ಟೋನ್, ಗುಡ್‌ಇಯರ್, ಯೊಕೊಹಾಮಾ ಇವೆಲ್ಲವೂ ಮಧ್ಯಮ ಬೆಲೆಯಲ್ಲಿ ಸಿಗುತ್ತವೆ. ಕಂಪನಿಗಿಂತ ಮಾದರಿಯನ್ನು ವಿಚಾರಿಸುವುದು ಮುಖ್ಯ, ಏಕೆಂದರೆ ಒಂದೇ ಕಂಪನಿ ಬಾಳಿಕೆಗೊಂದು, ಹಿಡಿತಕ್ಕೊಂದು ಎಂದು ಬೇರೆ ಬೇರೆ ಟೈರ್ ಮಾಡುತ್ತದೆ. ಸಿಯೆಟ್‌ನ ಮೈಲೇಜ್, ಅಪೋಲೊದ ಅಮೇಜರ್ 4ಜಿ ಲೈಫ್ ಹೆಚ್ಚು ಕಿಲೋಮೀಟರ್ ಬೇಕೆನ್ನುವವರಿಗಾಗಿ ಇರುವಂಥವು. ಸಿಯೆಟ್‌ನ ಸೆಕ್ಯುರಾಡ್ರೈವ್, ಅಪೋಲೊದ ಆಲ್ನ್ಯಾಕ್ 4ಜಿ ಹಿಡಿತ ಮತ್ತು ನಿಯಂತ್ರಣವನ್ನು ಮುಂದಿಟ್ಟುಕೊಂಡು ಮಾಡಿದವು. ಸಾಮಾನ್ಯವಾಗಿ ಹೆಚ್ಚು ಬಾಳುವಂತೆ ಮಾಡಿದ ರಬ್ಬರ್ ಗಡುಸಾಗಿದ್ದು, ಒದ್ದೆ ಡಾಂಬರಿನ ಮೇಲೆ ಬೇಗ ಜಾರುತ್ತದೆ. ನಿಮ್ಮ ಅಳತೆಯಲ್ಲಿ ಎರಡನೆಯ ಬಗೆ ದೊರೆಯುವುದಾದರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ಕೊಳ್ಳಿ. ಸುತ್ತಲೂ ಆಳವಾದ, ಅಗಲವಾದ ಮೂರು-ನಾಲ್ಕು ಗೀರುಗಳು, ಅಂಚಿನ ಕಡೆಗೆ ತೆರೆದುಕೊಂಡ ಅಡ್ಡಗೀರುಗಳು, ಬಟನ್ ಮೇಲೆ ಕತ್ತರಿಸಿದಂತಿರುವ ಸಣ್ಣ ಸೀಳುಗಳು, ಇವು ಮಳೆಗೆ ಹೊಂದುವ ಟೈರಿನ ಗುರುತುಗಳು. ಜಂಬಿಟ್ಟಿಗೆಯ ಚೂಪು ಕಲ್ಲಿರುವ ದಾರಿ ಇದ್ದವರು ಪಕ್ಕ ತೀರಾ ತೆಳ್ಳಗಿರುವ ಮಾದರಿಗಳನ್ನು ಬಿಡಬೇಕು, ಏಕೆಂದರೆ ಪಕ್ಕದಲ್ಲಿ ಹರಿದ ಟೈರಿಗೆ ಪಂಕ್ಚರ್ ಹಾಕಲು ಬರುವುದಿಲ್ಲ.

ಕಾರಿನ ಟೈರಿಗೆ ಐಎಸ್‌ಐ ಗುರುತು ಕಡ್ಡಾಯ. ಒದ್ದೆ ರಸ್ತೆಯ ಹಿಡಿತ, ಉರುಳುವಾಗಿನ ಪ್ರತಿರೋಧ, ಸದ್ದು, ಈ ಮೂರಕ್ಕೂ ಪಾಲಿಸಬೇಕಾದ ಮಟ್ಟಗಳನ್ನು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿ ನಿಗದಿಪಡಿಸಿತು. ಅದಕ್ಕೂ ಹಿಂದೆ ತಯಾರಾದ ದಾಸ್ತಾನನ್ನು ಬೇಡವೆನ್ನಲು ಇದೂ ಒಂದು ಕಾರಣ. ಕೆಲವು ಟೈರಿನ ಮೇಲೆ ಕಾಣುವ ನಕ್ಷತ್ರದ ಚೀಟಿ ಇಂಧನ ಉಳಿತಾಯಕ್ಕೆ ಸಂಬಂಧಿಸಿದ್ದು, ಅದನ್ನು ಹಿಡಿತದ ಅಂಕವೆಂದು ತಿಳಿಯಬಾರದು. ಸೆಕೆಂಡ್ ಹ್ಯಾಂಡ್ ಟೈರ್, ರೀಸೋಲ್ ಮಾಡಿದ (ಸವೆದ ಮೇಲೆ ಹೊಸ ರಬ್ಬರ್ ಅಂಟಿಸಿದ) ಟೈರ್ ಘಾಟಿ ಹತ್ತಿಳಿಯುವ ಕಾರಿಗೆ ಬೇಡವೇ ಬೇಡ.

ದಿನಾಂಕವನ್ನು ನೀವೇ ನೋಡಿ

ಟೈರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2325 ಎಂದಿದ್ದರೆ ಅದು 2025ರ 23ನೇ ವಾರದಲ್ಲಿ ತಯಾರಾದದ್ದು. ಆರು ತಿಂಗಳೊಳಗಿನದು ಉತ್ತಮ, ಒಂದು ವರ್ಷದವರೆಗೆ ಒಪ್ಪಬಹುದು. ಹಳೆಯ ಕಾರಿನವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು: ಮಾರುತಿ 800ರ 145/70 ಆರ್ 12, ಸ್ಯಾಂಟ್ರೊದ 155/70 ಆರ್ 13 ಮುಂತಾದ ಅಳತೆಗಳಿಗೆ ಈಗ ಬೇಡಿಕೆ ಕಡಿಮೆಯಾದ್ದರಿಂದ ಅವು ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಕೂತಿರಬಹುದು. ನಾಲ್ಕೂ ಟೈರಿನ ಅಂಕಿಗಳನ್ನು ಹಾಕುವ ಮೊದಲೇ ಓದಿ, ಹಳೆಯದಾಗಿದ್ದರೆ ಹೊಸದನ್ನು ತರಿಸಿಕೊಡಲು ಹೇಳಿ. ಹೀಗೆ ತರಿಸಲು ದಿನ ಹಿಡಿಯುವುದರಿಂದ ಈ ಕೆಲಸವನ್ನು ಭರಣಿ-ಕೃತ್ತಿಕೆಯ ಹೊತ್ತಿಗೇ ಶುರುಮಾಡಿದರೆ ಮೃಗಶಿರಾ ಮಳೆ ಹಿಡಿಯುವಷ್ಟರಲ್ಲಿ ಹೊಸ ಟೈರ್ ಪಳಗಿರುತ್ತದೆ. ಮೊದಲ 300 ಕಿ.ಮೀ.ವರೆಗೆ ಮೇಲ್ಪದರ ನುಣುಪಾಗಿರುವುದರಿಂದ ನಿಧಾನವಾಗಿ ಓಡಿಸಬೇಕು.

ಬೆಲೆಯ ಮಾತಿಗೆ ಬಂದರೆ, 2025ರ ಸೆಪ್ಟೆಂಬರ್ 22ರಿಂದ ಟೈರಿನ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೆಯ ಬಿಲ್ಲಿನ ಜೊತೆ ಹೋಲಿಸುವಾಗ ಇದು ನೆನಪಿರಲಿ. ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಸೇರಿದ ಒಟ್ಟು ಮೊತ್ತವನ್ನು ಕೇಳಿ, ಎರಡು ಕಡೆ ವಿಚಾರಿಸಿ ನಿರ್ಧರಿಸಿ.

ಎರಡೇ ಹಾಕಿಸುವುದಾದರೆ

ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಉತ್ತಮ. ಸಾಧ್ಯವಾಗದಿದ್ದರೆ ಒಂದೇ ಮಾದರಿಯ ಎರಡನ್ನು ಕೊಂಡು ಅವನ್ನು ಹಿಂದಕ್ಕೆ ಹಾಕಿಸಬೇಕು. ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನಾದ್ದರಿಂದ ಹೊಸದು ಮುಂದಕ್ಕೇ ಇರಲಿ ಎಂದು ಅನೇಕರು, ಕೆಲವು ಮೆಕ್ಯಾನಿಕ್‌ಗಳೂ, ಹೇಳುತ್ತಾರೆ. ಇದು ಅಪಾಯದ ಸಲಹೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಸರಿದು ಹಿಂದಿನ ಚಕ್ರಗಳು ಹಗುರವಾಗುತ್ತವೆ. ಅಲ್ಲಿ ಸವೆದ ಟೈರ್ ಇದ್ದರೆ ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿ ಇಡೀ ಗಾಡಿ ತಿರುಗಿಬಿಡುತ್ತದೆ. ಮುಂದಿನ ಚಕ್ರ ಜಾರಿದರೆ ವೇಗ ಇಳಿಸಿ ಸರಿಪಡಿಸಿಕೊಳ್ಳುವ ಅವಕಾಶವಾದರೂ ಇರುತ್ತದೆ. ಹಿಂದಿನದು ಜಾರಿದಾಗ ಹೆಚ್ಚಿನ ಚಾಲಕರಿಗೆ ಆ ಅವಕಾಶ ಸಿಗುವುದಿಲ್ಲ.

ಹಾಕಿಸುವಾಗ, ಹಾಕಿಸಿದ ಮೇಲೆ

ಟೈರ್ ಬಿಚ್ಚಿದಾಗ ರಿಮ್ಮಿನ ಅಂಚನ್ನು ನೋಡಿ. ನಮ್ಮ ಶೀತಕ್ಕೆ ಹಳೆಯ ಕಬ್ಬಿಣದ ರಿಮ್ ತುಕ್ಕು ಹಿಡಿದು, ಟ್ಯೂಬ್‌ಲೆಸ್ ಟೈರ್ ನಿಧಾನವಾಗಿ ಗಾಳಿ ಬಿಡಲು ಅದೇ ಕಾರಣವಾಗುತ್ತದೆ. ತುಕ್ಕು ಉಜ್ಜಿ ತೆಗೆದು ಸ್ವಚ್ಛಗೊಳಿಸಿಯೇ ಹೊಸದನ್ನು ಕೂರಿಸಬೇಕು. ವಾಲ್ವ್‌ಗಳನ್ನು ಕಡ್ಡಾಯವಾಗಿ ಬದಲಿಸಿ. ಬಾಣದ ಗುರುತಿರುವ ಟೈರ್ ಬಾಣದ ದಿಕ್ಕಿಗೇ ಉರುಳುವಂತೆ ಇರಬೇಕು. ಗಾಳಿಯನ್ನು ಟೈರ್ ತಣ್ಣಗಿದ್ದಾಗ, ಬಾಗಿಲ ಚೀಟಿಯಲ್ಲಿ ಹೇಳಿದಷ್ಟೇ ಹಾಕಿಸಬೇಕು. ಮಳೆಗಾಲದಲ್ಲಿ ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆ ಎಂಬ ಮಾತನ್ನು ಡಾಂಬರು ರಸ್ತೆಯ ಮಟ್ಟಿಗೆ ನಂಬಬೇಡಿ, ಗಾಳಿ ಕಡಿಮೆಯಾದ ಟೈರ್ ನೀರಿನ ಮೇಲೆ ಇನ್ನೂ ಬೇಗ ತೇಲುತ್ತದೆ. ಸಾಮಾನ್ಯ ಗಾಳಿಯ ಬದಲು ನೈಟ್ರೋಜನ್ ಅನ್ನೇ ತುಂಬಿಸಬೇಕೆಂದೇನೂ ಇಲ್ಲ.

ಬಿಲ್ಲಿನಲ್ಲಿ ಟೈರುಗಳ ಸಂಖ್ಯೆ ಬರೆಸಿಕೊಂಡು ಜೋಪಾನವಾಗಿಡಿ. ತಯಾರಿಕೆಯ ದೋಷ ಕಂಡುಬಂದರೆ ಬದಲಿ ಕೇಳಲು ಅದು ಬೇಕಾಗುತ್ತದೆ. 8,000ದಿಂದ 10,000 ಕಿ.ಮೀ.ಗೊಮ್ಮೆ ಹಿಂದು-ಮುಂದು ಬದಲಿಸಿ, ಅಲೈನ್‌ಮೆಂಟ್ ನೋಡಿಸಬೇಕು. ಆರು ವರ್ಷ ಕಳೆದ ಟೈರನ್ನು ಪ್ರತಿ ಮಳೆಗಾಲಕ್ಕೆ ಮುಂಚೆ ಪರೀಕ್ಷಿಸಬೇಕು, ಹತ್ತು ವರ್ಷವಾದದ್ದನ್ನು ಬಟನ್ ಎಷ್ಟೇ ಉಳಿದಿದ್ದರೂ ತೆಗೆದುಹಾಕಬೇಕು. ಈ ಲೆಕ್ಕ ಡಿಕ್ಕಿಯಲ್ಲಿರುವ ಸ್ಟೆಪ್ನಿಗೂ ಅನ್ವಯಿಸುತ್ತದೆ. ಕಾರು ಕೊಂಡಾಗಿನಿಂದ ಒಮ್ಮೆಯೂ ನೆಲ ಕಾಣದ ಸ್ಟೆಪ್ನಿ ಹೊಸದರಂತೆ ಕಂಡರೂ ಅದರ ರಬ್ಬರಿಗೆ ಕಾರಿನಷ್ಟೇ ವಯಸ್ಸಾಗಿರುತ್ತದೆ. ತೆಗೆದ ನಾಲ್ಕರಲ್ಲಿ ವಯಸ್ಸು ಕಡಿಮೆಯಿದ್ದು ಬಟನ್ ಉಳಿದಿರುವುದು ಒಂದಿದ್ದರೆ ಅದನ್ನೇ ಸ್ಟೆಪ್ನಿ ಮಾಡಿಕೊಂಡು, ಹಳೆಯದನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ.